ನಿಯಮದಲ್ಲಿ ಗೊಂದಲವೇ? ದಾಳ ಉರುಳಿಸಬೇಡಿ, ಮೊದಲು ಓದಿ

ಮಿನಿಯೇಚರ್ ವಾರ್‌ಗೇಮ್‌ಗಳಲ್ಲಿ, ಅಂದರೆ ಮೇಜಿನ ಮೇಲೆ ಪುಟ್ಟ ಸೈನಿಕರ ಗೊಂಬೆಗಳನ್ನಿಟ್ಟು ದಾಳ ಹಾಕಿ ಆಡುವ ಯುದ್ಧದಾಟಗಳಲ್ಲಿ, ಚೆನ್ನಾಗಿ ಸಾಗುತ್ತಿದ್ದ ಆಟ ನಿಯಮಪುಸ್ತಕದ ಒಂದೇ ಸಾಲಿಗೆ ಕೆಟ್ಟುಹೋಗುವುದನ್ನು ಬೇಕಾದಷ್ಟು ನೋಡಿದ್ದೇನೆ. ಒಬ್ಬರು ಪುಟ ತಿರುವುತ್ತಾರೆ, ಇನ್ನೊಬ್ಬರು ಫೋನ್ ತಡಕಾಡುತ್ತಾರೆ, ಕೊನೆಗೆ ದನಿ ಜೋರಿದ್ದವರ ಮಾತೇ ನಡೆಯುತ್ತದೆ. 1824ರಲ್ಲಿ ಪ್ರಷ್ಯಾದ ಸೇನೆ ಒಪ್ಪಿಕೊಂಡ ಕ್ರೀಗ್ಸ್‌ಶ್ಪೀಲ್ ಎಂಬ ಯುದ್ಧದಾಟದಲ್ಲಿ ಇಂಥದ್ದಕ್ಕೆಲ್ಲ ಅಂಪೈರ್ ಇರುತ್ತಿದ್ದರು. ನಮ್ಮ ಮೇಜಿಗೆ ಅಂಪೈರ್ ಎಲ್ಲಿಂದ ಬರಬೇಕು?

1. ಆಟಕ್ಕೆ ಮೊದಲು ಯಾವ ಆವೃತ್ತಿ, ಯಾವ ಎರ್ರಾಟಾ (ತಪ್ಪು ತಿದ್ದುಪಡಿ ಪಟ್ಟಿ), ಮೇಜಿನ ಮೇಲಿನ ಯಾವ ಗೋಡೆಯಾಚೆ ಸೈನಿಕರಿಗೆ ಕಾಣುತ್ತದೆ, ಯಾವುದರಾಚೆ ಕಾಣಲ್ಲ ಅಂತ ಮಾತಾಡಿಕೊಳ್ಳಿ. ಐದು ನಿಮಿಷದ ಕೆಲಸ.

2. ಅನುಮಾನ ಬಂದ ತಕ್ಷಣ ನಿಲ್ಲಿಸಿ. ದಾಳ ಬಿದ್ದ ಮೇಲೆ ಯಾರಿಗೆ ಲಾಭ ಅಂತ ಗೊತ್ತಾಗಿಬಿಡುತ್ತದೆ. ಆಮೇಲೆ ಯಾರೂ ನಿಯಮ ಓದುವುದಿಲ್ಲ, ವಕಾಲತ್ತು ಮಾಡುತ್ತಾರೆ.

3. ಈಗ ಆ ಸಾಲನ್ನು ಗಟ್ಟಿಯಾಗಿ ಓದಿ, ಒಂದು ಪದವನ್ನೂ ಬಿಡದೆ. ಎಲ್ಲರೂ ಎಡವುವುದು ಇಲ್ಲೇ. ವಾರ್‌ಹ್ಯಾಮರ್ 40,000 ಎಂಬ ಆಟದಲ್ಲಿ ‘ವಿದಿನ್’ (within, ಸ್ವಲ್ಪ ಭಾಗ ಒಳಗಿದ್ದರೂ ಸಾಕು) ಬೇರೆ, ‘ಹೋಲಿ ವಿದಿನ್’ (wholly within, ಪೂರ್ತಿ ಒಳಗಿರಬೇಕು) ಬೇರೆ. 32 ಮಿ.ಮೀ. ಬೇಸಿನ (ಗೊಂಬೆಯ ಕಾಲಡಿಯ ದುಂಡು ಬಿಲ್ಲೆ) ಒಬ್ಬ ಸೈನಿಕ ನಿಂತಿದ್ದಾನೆ ಅನ್ನಿ. ಅಳೆಯುವ ಜಾಗದಿಂದ ಬೇಸಿನ ಹತ್ತಿರದ ಅಂಚು 5 ಇಂಚಿನಲ್ಲಿದ್ದರೆ ದೂರದ ಅಂಚು 6 ಇಂಚು ದಾಟಿ ಇನ್ನೂ ಕಾಲು ಇಂಚು ಆಚೆಗೆ ಹೋಗಿರುತ್ತದೆ. ‘6 ಇಂಚು ವಿದಿನ್’ ಅಂದಿದ್ದರೆ ಆತ ಒಳಗೆ, ‘ಹೋಲಿ’ ಸೇರಿದ್ದರೆ ಹೊರಗೆ. ಹಾಗೇ ‘ಮಾಡಬಹುದು’ ಅಂತ ಇದೆಯೋ ‘ಮಾಡಲೇಬೇಕು’ ಅಂತಲೋ, ಮಾತು ಒಂದು ಮಾಡೆಲ್‌ದೋ (ಒಂದೇ ಗೊಂಬೆ) ಇಡೀ ಯೂನಿಟ್‌ದೋ (ಗೊಂಬೆಗಳ ತುಕಡಿ), ಹಂತದ ಶುರುವಿಗೋ ಕೊನೆಗೋ, ಒಂದೊಂದನ್ನೂ ಬೆರಳಿಟ್ಟು ನೋಡಿ. ಯಾರೋ ಟೈಪ್ ಮಾಡಿಟ್ಟ ಒಂದು ಪುಟದ ಸಾರಾಂಶ ಚೀಟಿಯನ್ನು ಮಾತ್ರ ನಂಬಬೇಡಿ, ಜಾಗ ಉಳಿಸೋಕೆ ಅದರಲ್ಲಿ ಮೊದಲು ಕತ್ತರಿ ಬೀಳುವುದೇ ಇಂಥ ಪದಗಳಿಗೆ. ಅಂದಹಾಗೆ, ಅಳೆಯಲು ದರ್ಜಿಯ ಟೇಪ್ ಬೇಡವೇ ಬೇಡ. ಎಳೆದರೆ ಹಿಗ್ಗುತ್ತದೆ, ಎಳೆಯುವವರೂ ಇದ್ದಾರೆ.

4. ಎರಡು ನಿಯಮ ಒಂದಕ್ಕೊಂದು ಅಡ್ಡ ಬಂದರೆ, ಪುಸ್ತಕ ಬೇರೆ ಹೇಳದಿದ್ದರೆ, ಸಾಮಾನ್ಯ ನಿಯಮಕ್ಕಿಂತ ಆ ಯೂನಿಟ್‌ನ ವಿಶೇಷ ನಿಯಮಕ್ಕೆ ಮಣೆ ಹಾಕಿ. ತಯಾರಕರ ಎಫ್‌ಎಕ್ಯೂ (ಪದೇ ಪದೇ ಕೇಳುವ ಪ್ರಶ್ನೆಗಳಿಗೆ ಉತ್ತರ) ಇದ್ದರೆ ನೋಡಿ.

5. ಇಷ್ಟಾದರೂ ಬಗೆಹರಿಯಲಿಲ್ಲವಾ? ಬರೆದವರ ಉದ್ದೇಶ ಏನಿರಬಹುದು ಅಂತ ಯೋಚಿಸಿ. ಆದರೆ ಉದ್ದೇಶ ಯಾವಾಗಲೂ ನಮ್ಮ ಪರವಾಗಿಯೇ ಕಾಣುತ್ತದೆ, ಅಲ್ವಾ? ಅದಕ್ಕೇ ಒಂದು ಪರೀಕ್ಷೆ: ಇದೇ ಅರ್ಥ ಹಿಡಿದು ಎದುರಾಳಿ ನಿಮ್ಮ ಟ್ಯಾಂಕ್ ಉಡಾಯಿಸಿದರೆ ಸುಮ್ನೆ ಇರ್ತೀರಾ? ಇರಲ್ಲ ಅನ್ನುವುದಾದರೆ ಆ ಅರ್ಥ ಬಿಡಿ.

6. ಹತ್ತು ನಿಮಿಷಕ್ಕಿಂತ ಜಾಸ್ತಿ ಎಳೆಯಬೇಡಿ. ಇಬ್ಬರೂ ಒಂದೊಂದು ದಾಳ ಹಾಕಿ, ಹೆಚ್ಚು ಬಿದ್ದವರ ಅರ್ಥ ಆ ಆಟ ಮುಗಿಯುವವರೆಗೆ ಇಬ್ಬರಿಗೂ ಅನ್ವಯ. ಚೀಟಿಯಲ್ಲಿ ಬರೆದಿಡಿ, ಇಲ್ಲದಿದ್ದರೆ ನಾಲ್ಕನೇ ಸುತ್ತಿಗೆ ಅದೇ ಜಗಳ ಮತ್ತೆ ಶುರು. ಮನೆಗೆ ಹೋದ ಮೇಲೆ ಸರಿಯಾದ ಉತ್ತರ ಸಿಕ್ಕರೆ ಎದುರಾಳಿಗೆ ಕಳಿಸಿ, ಅದು ಉಲ್ಟಾ ಇದ್ದರೂ ಸರಿ.