ಕಟ್ಟೆ ಒರೆಸುವ ಮೊದಲು ಕಲ್ಲು ಯಾವುದು ಅಂತ ನೋಡಿ

ಮೈಸೂರಿನಲ್ಲಿ ಮನೆಗಳಿಗೆ ಅಡುಗೆ ಕಟ್ಟೆಯ ಕಲ್ಲು ಕೂರಿಸುವುದು ನನ್ನ ಕೆಲಸ. ಕೂರಿಸಿ ಬಂದ ಮೇಲೂ ಫೋನ್ ಬರುತ್ತಲೇ ಇರುತ್ತದೆ. "ಅಣ್ಣಾ, ಕಲ್ಲು ಮಂಕಾಗಿಬಿಟ್ಟಿದೆ", "ಸಿಂಕ್ ಸುತ್ತ ಬಿಳಿ ಕಟ್ಟಿದೆ, ಏನು ಹಾಕ್ಲಿ?" ಹೋಗಿ ನೋಡಿದರೆ ಎಷ್ಟೋ ಕಡೆ ಕಲ್ಲು ಕೆಟ್ಟಿರುವುದು ಅಡುಗೆಯಿಂದಲ್ಲ, ತೊಳೆದ ರೀತಿಯಿಂದ. ಒಂದು ದಿನ ನಿಂಬೆಹಣ್ಣು, ಇನ್ನೊಂದು ದಿನ ವಿನಿಗರ್, ಹಬ್ಬ ಬಂತು ಅಂದರೆ ಬಾತ್‌ರೂಮಿನ ಆಸಿಡ್. ಯಾವ ಕಲ್ಲು ಅಂತ ಯಾರೂ ನೋಡಿರುವುದಿಲ್ಲ.

ಹಾಗಾಗಿ ಮೊದಲು ಅದನ್ನೇ ನೋಡೋಣ. ನಮ್ಮ ಕಡೆ ಜಾಸ್ತಿ ಹಾಕಿಸುವುದು ಚಾಮರಾಜನಗರದ ಕಪ್ಪು. ಅಂಗಡಿಯಲ್ಲಿ ಗ್ರಾನೈಟ್ ಅಂತಲೇ ಮಾರುತ್ತಾರೆ. ಭೂವಿಜ್ಞಾನದವರನ್ನು ಕೇಳಿದರೆ ಅದು ಡಾಲರೈಟ್ ಅನ್ನುವ ಬೇರೆ ಜಾತಿಯ ಕಲ್ಲು. ಹೆಸರು ಏನೇ ಇರಲಿ, ಕಲ್ಲು ಬಿಗಿಯಾಗಿದೆ, ನೀರು ಎಣ್ಣೆ ಸುಲಭಕ್ಕೆ ಕುಡಿಯುವುದಿಲ್ಲ. ಇಳಕಲ್ಲಿನ ಕೆಂಪು, ಶಿರಾದ ಬೂದು ಬಣ್ಣದ್ದು ನಿಜವಾದ ಗ್ರಾನೈಟ್. ಇವುಗಳಲ್ಲಿ ಗಟ್ಟಿ ಕಣಗಳಿವೆ, ಚಾಕುವಿಗೆ ಸುಲಭವಾಗಿ ಗೀರು ಬೀಳುವುದಿಲ್ಲ. ಆದರೆ ತಿಳಿ ಬಣ್ಣದವು ಎಣ್ಣೆ ಕುಡಿಯುತ್ತವೆ. ಇನ್ನು ಮಾರ್ಬಲ್, ಕಡಪ ಕಲ್ಲು, ಶಹಾಬಾದ್ ಕಲ್ಲು. ಈ ಮೂರೂ ಸುಣ್ಣದ ಜಾತಿ. ಹುಳಿ ಮುಟ್ಟಿದರೆ ಇವು ಕರಗುತ್ತವೆ.

ಗೊತ್ತಿಲ್ಲದಿದ್ದರೆ ಮಿಕ್ಸಿ ಇಡುವ ಮೂಲೆಯಲ್ಲಿ, ಯಾರಿಗೂ ಕಾಣದ ಜಾಗದಲ್ಲಿ ಒಂದು ಹನಿ ನಿಂಬೆರಸ ಬಿಡಿ. ಐದು ನಿಮಿಷ ಬಿಟ್ಟು ಒರೆಸಿ, ಬೆಳಕಿಗೆ ಓರೆಯಾಗಿ ನೋಡಿ. ಹನಿ ಬಿದ್ದ ಜಾಗದ ಹೊಳಪು ಹೋಗಿದ್ದರೆ ಅದು ಸುಣ್ಣದ ಕಲ್ಲು. ಅಂಥ ಕಟ್ಟೆಯ ಮೇಲೆ ಹುಣಸೆಹಣ್ಣು ನೆನೆಸಿದ ಪಾತ್ರೆ, ಮಜ್ಜಿಗೆ ಲೋಟ, ಹೆಚ್ಚಿದ ಟೊಮೆಟೊ ನೇರವಾಗಿ ಇಡಬೇಡಿ. ದೇವರ ದೀಪ, ಹಿತ್ತಾಳೆ ಚೊಂಬು ಹುಣಸೆಹಣ್ಣಿನಲ್ಲಿ ಉಜ್ಜುವ ಕೆಲಸ ಸಿಂಕಿನ ಒಳಗೇ ಆಗಲಿ. ಹಾಗೆ ಇಟ್ಟ ಜಾಗದಲ್ಲಿ ಆಗುವ ಉಂಗುರದಂಥ ಮಂಕು ಗುರುತು ಕಲೆಯಲ್ಲ, ಕಲ್ಲಿನ ಮೇಲ್ಪದರವೇ ಸವೆದಿರುವುದು. ಎಷ್ಟು ಸೋಪು ಹಾಕಿದರೂ ಹೋಗುವುದಿಲ್ಲ.

ಕಪ್ಪು ಕಲ್ಲು ಕೊಳ್ಳುವವರಿಗೆ ಒಂದು ಮಾತು. ಬೂದು ಬಣ್ಣದ ಕಲ್ಲಿಗೆ ಬಣ್ಣ ಕುಡಿಸಿ ಕಪ್ಪು ಅಂತ ಮಾರುವುದೂ ಉಂಟು. ಬಿಳಿ ಬಟ್ಟೆಗೆ ಅಸಿಟೋನ್ (ನೇಲ್ ಪಾಲಿಶ್ ತೆಗೆಯಲು ಬಳಸುವ ದ್ರವ) ಹಾಕಿ ಉಜ್ಜಿ. ಬಟ್ಟೆ ಕಪ್ಪಾದರೆ ಆ ಸ್ಲ್ಯಾಬ್ ಬಿಟ್ಟು ಬನ್ನಿ.

ದಿನದ ಕೆಲಸ ದೊಡ್ಡದೇನಲ್ಲ. ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ, ನೀರು, ಮೆತ್ತನೆ ಬಟ್ಟೆ. ಆಮೇಲೆ ಬರಿ ನೀರಿನ ಬಟ್ಟೆ, ಕೊನೆಗೆ ಒಣ ಬಟ್ಟೆ. ಒಣ ಬಟ್ಟೆಯನ್ನು ಮಾತ್ರ ಬಿಡಬೇಡಿ. ಬೋರ್‌ವೆಲ್ ನೀರಿನ ಮನೆಯಲ್ಲಿ ನಲ್ಲಿ ಬುಡದ ಹನಿ ಹಾಗೇ ಒಣಗಿ ಒಣಗಿ ಬಿಳಿ ಪದರ ಕಟ್ಟುತ್ತದೆ. ಗ್ರಾನೈಟ್ ಮೇಲೆ ಆ ಪದರ ಕಟ್ಟಿದ್ದರೆ ಒದ್ದೆ ಮಾಡಿ, ಹೊಸ ಬ್ಲೇಡನ್ನು ಚಪ್ಪಟೆಯಾಗಿ ಹಿಡಿದು ನಿಧಾನಕ್ಕೆ ಕೆರೆಯಿರಿ. ಮಾರ್ಬಲ್ ಮೇಲೆ ಬ್ಲೇಡ್ ಬೇಡ, ಗೀರು ಬೀಳುತ್ತದೆ. ಸ್ಟೀಲ್ ಸ್ಕ್ರಬ್ಬರ್ ಯಾವ ಕಟ್ಟೆಗೂ ಬೇಡ. ಅದರ ಚೂರು ಮೂಲೆಯಲ್ಲಿ ಉಳಿದು ತುಕ್ಕು ಹಿಡಿಯುತ್ತದೆ.

ಹೊಳೆಯಲಿ ಅಂತ ಕೊಬ್ಬರಿ ಎಣ್ಣೆ ಹಚ್ಚುವವರಿದ್ದಾರೆ. ಎರಡು ದಿನ ಚೆನ್ನಾಗಿ ಕಾಣುತ್ತದೆ, ಆಮೇಲೆ ಧೂಳು ಕೂತು ಜಿಡ್ಡಾಗುತ್ತದೆ. ನನಗಂತೂ ಅದು ಸುಮ್ನೆ ಎಣ್ಣೆ ದಂಡ.

ಈಗ ಕಲೆಗಳು. ತಿಳಿ ಬಣ್ಣದ ಕಲ್ಲಿನಲ್ಲಿ ಒಲೆ ಪಕ್ಕ ಕಪ್ಪಗೆ ಎಣ್ಣೆ ಇಳಿದಿದ್ದರೆ ಮೇಲಿಂದ ಉಜ್ಜಿ ಪ್ರಯೋಜನವಿಲ್ಲ, ಒಳಗಿನಿಂದ ಹೀರಿ ತೆಗೆಯಬೇಕು. ಅಡುಗೆ ಸೋಡಾಗೆ ಸ್ವಲ್ಪ ನೀರು ಹಾಕಿ ವಡೆ ಹಿಟ್ಟಿನಷ್ಟು ಗಟ್ಟಿ ಕಲಸಿ. ಕಲೆಗಿಂತ ಸ್ವಲ್ಪ ಅಗಲಕ್ಕೆ, ಅರ್ಧ ಸೆಂಟಿಮೀಟರ್ ದಪ್ಪಕ್ಕೆ ಹಚ್ಚಿ. ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ ಅಂಚಿಗೆ ಟೇಪ್ ಹಾಕಿ ಒಂದು ದಿನ ಬಿಡಿ. ಆಮೇಲೆ ಹಾಳೆ ತೆಗೆದು ಪೂರ್ತಿ ಒಣಗಲು ಬಿಡಬೇಕು. ಎಣ್ಣೆ ಮೇಲೆ ಬರುವುದು ಒಣಗುವಾಗಲೇ, ಅವಸರ ಮಾಡಿ ತೊಳೆದರೆ ಕೆಲಸ ಕೆಟ್ಟಿತು. ಹಳೆ ಕಲೆಯಾದರೆ ಮತ್ತೆ ಮತ್ತೆ ಹಚ್ಚಬೇಕಾಗುತ್ತದೆ.

ಅರಿಶಿನದ ಕಲೆಗೆ ಸೋಪು ತಾಗಿದರೆ ಕೆಂಪಾಗುತ್ತದೆ. ಹೆದರಬೇಡಿ. ಆರತಿ ನೀರಿಗೆ ಅರಿಶಿನದ ಜೊತೆ ಸುಣ್ಣ ಹಾಕಿದಾಗ ಕೆಂಪಾಗುತ್ತದಲ್ಲ, ಅದೇ ಕತೆ. ಕಿಟಕಿ ಪಕ್ಕದ ಕಟ್ಟೆಯಾದರೆ ಬಿಸಿಲಿಗೇ ಎಷ್ಟೋ ಮಾಸುತ್ತದೆ. ಹೋಗದಿದ್ದರೆ ಮೆಡಿಕಲ್ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡನ್ನು ಹತ್ತಿಗೆ ಹಾಕಿ ಕಲೆಯ ಮೇಲಿಡಿ. ಕೈಗೆ ಗ್ಲೌಸ್ ಇರಲಿ. ಇದು ತಿಳಿ ಕಲ್ಲಿಗೆ ಮಾತ್ರ, ಕಪ್ಪು ಕಲ್ಲಿನ ಬಣ್ಣ ತೆಗೆದುಬಿಡಬಹುದು. ಒದ್ದೆ ಕಬ್ಬಿಣದ ಬಾಣಲೆ ಇಟ್ಟು ಆದ ತುಕ್ಕಿಗೆ ಬ್ಲೀಚ್ ಹಾಕಿದರೆ ಇನ್ನೂ ಜಾಸ್ತಿಯಾಗುತ್ತದೆ. ತುಕ್ಕು ತೆಗೆಯುವ ಕೆಲವು ದ್ರಾವಣಗಳಲ್ಲಿ ಹೈಡ್ರೋಫ್ಲೋರಿಕ್ ಆಸಿಡ್ ಇರುತ್ತದೆ, ಅದು ಗ್ರಾನೈಟನ್ನೂ ತಿನ್ನುತ್ತದೆ, ಮೈಗೂ ಬಹಳ ಅಪಾಯ. ಡಬ್ಬಿ ಮೇಲೆ ಓದಿಯೇ ಕೊಳ್ಳಿ.

ಸೀಲರ್, ಅಂದರೆ ಕಲ್ಲು ನೀರು ಎಣ್ಣೆ ಕುಡಿಯದಂತೆ ಹಚ್ಚುವ ದ್ರಾವಣ, ಬೇಕಾ ಅಂತ ಎಲ್ಲರೂ ಕೇಳುತ್ತಾರೆ. ಕಟ್ಟೆಯ ಮೇಲೆ ಒಂದು ಚಮಚ ನೀರು ಹಾಕಿ ಹತ್ತು ನಿಮಿಷ ಬಿಡಿ. ಒರೆಸಿದ ಮೇಲೆ ಆ ಜಾಗ ಕಪ್ಪಗೆ ಕಂಡರೆ ಬೇಕು, ಇಲ್ಲದಿದ್ದರೆ ಬೇಡ. ಚಾಮರಾಜನಗರದ ಕಪ್ಪಿಗೆ ಸಾಮಾನ್ಯವಾಗಿ ಬೇಕಿಲ್ಲ, ಕುಡಿಯದ ಕಲ್ಲಿಗೆ ಹಚ್ಚಿದರೆ ಮೇಲೆ ಮಬ್ಬು ಉಳಿಯುತ್ತದೆ. ಹಚ್ಚುವುದಾದರೆ ಕಟ್ಟೆ ಹಿಂದಿನ ದಿನದಿಂದ ಒಣಗಿರಲಿ. ಡಬ್ಬಿಯಲ್ಲಿ ಹೇಳಿದಷ್ಟು ಹೊತ್ತು ಬಿಟ್ಟು, ಮೇಲೆ ಉಳಿದಿದ್ದನ್ನು ಅಲ್ಲೇ ಒಣಗುವ ಮೊದಲು ಒರೆಸಿ ತೆಗೆಯಿರಿ.

ಕಲ್ಲು ಸೀಳುವುದು ಹೆಚ್ಚಾಗಿ ಸಿಂಕ್ ಮತ್ತು ಒಲೆಗೆ ಕತ್ತರಿಸಿದ ಜಾಗದಲ್ಲಿ. ಅಲ್ಲಿ ಮುಂಭಾಗದಲ್ಲಿ ಉಳಿಯುವುದು ಕಲ್ಲಿನ ಕಿರಿದಾದ ಪಟ್ಟಿ ಮಾತ್ರ. ಅದರ ಮೇಲೆ ಕಾಯಿ ಒಡೆಯಬೇಡಿ, ಅಟ್ಟದ ಡಬ್ಬ ತೆಗೆಯಲು ಹತ್ತಿ ನಿಲ್ಲಬೇಡಿ. ಗ್ರಾನೈಟ್ ಬಿಸಿ ತಡೆಯುತ್ತದೆ ನಿಜ, ಆದರೂ ಕುಕ್ಕರನ್ನು ಆ ಪಟ್ಟಿಯ ಮೇಲೆ ಇಳಿಸದೆ ಸಿಂಬೆಯ ಮೇಲೆ ಇಳಿಸಿ. ಸಿಂಕ್ ಅಂಚಿನ ಸಂದಿಗೆ ತುಂಬಿದ ಸಿಲಿಕಾನ್ ಅಂಟು ಕಪ್ಪಾಗಿ ಬಿಟ್ಟುಕೊಂಡಿದ್ದರೆ ಹಳೆಯದನ್ನು ಪೂರ್ತಿ ಕಿತ್ತು, ಒಣಗಿಸಿ, ಬೂಸ್ಟು ಹಿಡಿಯದ ಸಿಲಿಕಾನ್ ಹಾಕಿಸಿ. ಹಳೆಯದರ ಮೇಲೇ ಹೊಸದು ಬಳಿದರೆ ನಿಲ್ಲುವುದಿಲ್ಲ.

ಹುಳಿ ತಿಂದು ಮಂಕಾದ ಮಾರ್ಬಲ್‌ಗೆ ಮಾತ್ರ ಪಾಲಿಶ್ ಮಿಷನ್‌ನವರೇ ಬರಬೇಕು. ಅವರು ನೀರು ಹಾಕಿ ತಿಕ್ಕುವಾಗ ಬಿಳಿ ಕೆಸರು ಕೆಳಗೆ ಇಳಿಯುತ್ತದೆ. ಬರುವ ಮೊದಲೇ ಒಲೆ ತೆಗೆದಿಡಿ, ಕೆಳಗಿನ ಡ್ರಾಯರ್‌ಗಳನ್ನು ಖಾಲಿ ಮಾಡಿ, ಗೋಡೆಯ ಪ್ಲಗ್ ಪಾಯಿಂಟ್‌ಗೆ ಪ್ಲಾಸ್ಟಿಕ್ ಅಂಟಿಸಿ.