ಮೋಟರ್‌ಹೋಮ್ ಎತ್ತರ ಕಣ್ಣೆದುರೇ ಇರಲಿ

ಬೇರೆ ದೇಶದಲ್ಲಿ ಮೋಟರ್‌ಹೋಮ್ (ಒಳಗೇ ಮಲಗಲು, ಅಡುಗೆ ಮಾಡಲು ಜಾಗವಿರುವ ಮನೆಯಂಥ ಗಾಡಿ) ಓಡಿಸುವವರು ಗಾಡಿಯ ಎತ್ತರ, ಅಗಲ, ತೂಕ ಮೂರನ್ನೂ ದಪ್ಪ ಅಕ್ಷರದಲ್ಲಿ ಬರೆದು ಡ್ರೈವರ್ ಎದುರು ಅಂಟಿಸಿಕೊಳ್ಳಿ. ಎತ್ತರವನ್ನು ಮೀಟರ್‌ನಲ್ಲೂ ಅಡಿ-ಇಂಚಿನಲ್ಲೂ ಬರೆಯಿರಿ. 3.1 ಮೀಟರ್ ಅಂದ್ರೆ ಸುಮಾರು 10 ಅಡಿ 2 ಇಂಚು. ಫ್ರಾನ್ಸ್, ಜರ್ಮನಿಯಲ್ಲಿ ಸೇತುವೆಯ ಬೋರ್ಡು ಮೀಟರ್‌ನಲ್ಲಿರುತ್ತದೆ, ಅಮೆರಿಕದಲ್ಲಿ ಅಡಿ-ಇಂಚಿನಲ್ಲಿ. ಮುಂದೆ ತಗ್ಗು ಸೇತುವೆ, ಹಿಂದೆ ಹಾರ್ನ್ ಹೊಡೆಯುವ ಲಾರಿ ಇದ್ದಾಗ ಲೆಕ್ಕ ಹಾಕುತ್ತಾ ಕೂರಲು ಆಗುವುದಿಲ್ಲ. ದಿನಾ ಕಾರು ಓಡಿಸಿದವರಿಗಂತೂ ತಲೆ ಮೇಲೆ ಅಷ್ಟೆತ್ತರ ಇದೆ ಅನ್ನೋದೇ ಮರೆತುಹೋಗುತ್ತದೆ. ಛಾವಣಿ ಮೇಲೆ ಎಸಿ, ಡಿಶ್ ಅಥವಾ ಲಗೇಜ್ ಪೆಟ್ಟಿಗೆ ಇದ್ದರೆ ಗಾಡಿಯ ಕಾಗದಪತ್ರದಲ್ಲಿರುವ ಅಂಕಿ ನಂಬಬೇಡಿ, ಟೇಪ್ ಹಿಡಿದು ಅಳೆಯಿರಿ. ಅಗಲದ ಕಥೆಯೂ ಅಷ್ಟೇ: ಕಾಗದದ ಲೆಕ್ಕದಲ್ಲಿ ಸಾಮಾನ್ಯವಾಗಿ ಪಕ್ಕದ ಕನ್ನಡಿ ಸೇರಿರುವುದಿಲ್ಲ. ಹಳ್ಳಿ ಓಣಿಯಲ್ಲಿ ಮೊದಲು ಗೋಡೆಗೆ ತಾಗುವುದು ಅದೇ! ಚೀಟಿ ಕೆಲಸಕ್ಕೆ ಬಾರದ ಜಾಗವೂ ಇದೆ. ಬಾಗಿದ ಮರದ ಕೊಂಬೆಗೆ ಯಾರೂ ಬೋರ್ಡು ಹಾಕಿರುವುದಿಲ್ಲ. ಅಲ್ಲಿ ಒಬ್ಬರು ಕೆಳಗಿಳಿದು ನೋಡಿ ಹೇಳಬೇಕು.