ಮೆಕ್ಕೆಜೋಳ ಉರಿಸುವ ಹೊರಾಂಗಣ ಬಾಯ್ಲರ್: ಕೊಳ್ಳುವ ಮುಂಚೆ ಹಾಕಬೇಕಾದ ಲೆಕ್ಕ

ಅಮೆರಿಕದ ಅಯೋವಾ, ಮಿನೆಸೋಟ, ನೆಬ್ರಾಸ್ಕ ಕಡೆಯ ಎಷ್ಟೋ ಹಳ್ಳಿಮನೆಗಳಿಗೆ ಗ್ಯಾಸಿನ ಪೈಪ್‌ಲೈನ್ ಬಂದಿಲ್ಲ. ಅಂಗಳದಲ್ಲೊಂದು ಪ್ರೊಪೇನ್ ಅನಿಲದ ಟ್ಯಾಂಕು, ಚಳಿಗಾಲದಲ್ಲಿ ತುಂಬಿಸಲು ಬರುವ ಲಾರಿ, ಅದರ ಬೆನ್ನಿಗೇ ಬಿಲ್ಲು. ರಸ್ತೆಯಾಚೆ ನೋಡಿದರೆ ಕಣ್ಣು ಹಾಯುವಷ್ಟು ದೂರ ಮೆಕ್ಕೆಜೋಳ. ಇದನ್ನೇ ಉರಿಸಿದರೆ ಆಗದೇ ಎಂಬ ಯೋಚನೆ ಅಲ್ಲಿ ಮನೆ ಮಾಡಿದವರಿಗೆ ಬರುವುದು ಸಹಜ. ಆಗುತ್ತದೆ. ಆದರೆ ಲಾಭವಾಗುತ್ತದೋ ಇಲ್ಲವೋ ಎಂಬುದು ಯಂತ್ರದ ಬ್ರಾಂಡಿಗಿಂತ ಹೆಚ್ಚಾಗಿ ನಿಮ್ಮ ಮನೆಗೆ ಎಷ್ಟು ಶಾಖ ಬೇಕು, ಸಿಗುವ ಕಾಳು ಎಷ್ಟು ಒಣಗಿದೆ ಎಂಬುದರ ಮೇಲೆ ನಿಂತಿದೆ.

ಯಂತ್ರ ಕಷ್ಟದ್ದೇನಲ್ಲ. ಮನೆಯಿಂದ ತುಸು ದೂರ ನಿಲ್ಲಿಸುವ ತಗಡಿನ ಗೂಡು. ಒಳಗೆ ಕಾಳು ತುಂಬುವ ಹಾಪರ್, ಕಾಳನ್ನು ಅಳತೆ ಮಾಡಿದಂತೆ ತಳ್ಳುವ ಆಗರ್ ಎಂಬ ತಿರುಪು, ಬೆಂಕಿ ಉರಿಯುವ ಬಟ್ಟಲು, ಗಾಳಿ ಊದುವ ಫ್ಯಾನು, ಸುತ್ತಲೂ ನೀರಿನ ಕವಚ. ಕಾದ ನೀರನ್ನು ಪಂಪು ನೆಲದಡಿಯ ಪೈಪಿನಲ್ಲಿ ಮನೆಯೊಳಗೆ ತಳ್ಳುತ್ತದೆ, ತಣಿದ ನೀರು ಇನ್ನೊಂದು ಪೈಪಿನಲ್ಲಿ ಮರಳುತ್ತದೆ. ಬಚ್ಚಲ ಹಂಡೆಯನ್ನು ಹಿತ್ತಲಿಗೆ ಒಯ್ದು ಪೈಪು ಜೋಡಿಸಿದಂತೆ. ಗೋವಿನಜೋಳ ಬೆಳೆಯುವ ಹಾವೇರಿ, ದಾವಣಗೆರೆಯವರಿಗೆ ಕಾಳನ್ನು ಒಲೆಗೆ ಹಾಕುವುದೆಂದರೆ ಕೈ ಹಿಂಜರಿಯಬಹುದು. ಆದರೆ ಅಮೆರಿಕದ ಬೆಳೆಯಲ್ಲಿ ಮೂರನೇ ಒಂದು ಪಾಲಿನಷ್ಟು ಹೇಗೂ ಎಥೆನಾಲ್ ಆಗಿ ಕಾರಿನ ಟ್ಯಾಂಕು ಸೇರುತ್ತದೆ.

ಮೊದಲು ಬೆಲೆಯ ಲೆಕ್ಕ

ಅಲ್ಲಿ ಕಾಳನ್ನು ಅಳೆಯುವುದು ಬುಶೆಲ್‌ನಲ್ಲಿ. ಒಂದು ಬುಶೆಲ್ ಎಂದರೆ 56 ಪೌಂಡ್, ಅಂದರೆ 25.4 ಕಿಲೊ, ನಾಲ್ಕು ಬುಶೆಲ್‌ಗೆ ಒಂದು ಕ್ವಿಂಟಾಲ್ ಎಂದು ನೆನಪಿಟ್ಟರೆ ಸಾಕು. ಸುಮಾರು 15 ಶೇಕಡಾ ತೇವವಿರುವ ಒಂದು ಬುಶೆಲ್ ಕಾಳಿನಲ್ಲಿ ಹೆಚ್ಚುಕಡಿಮೆ 3,80,000 ಬಿಟಿಯು ಶಾಖವಿರುತ್ತದೆ (ಬಿಟಿಯು ಎಂದರೆ ಅಲ್ಲಿ ಶಾಖ ಅಳೆಯುವ ಮಾನ; ಒಂದು ಪೌಂಡ್ ನೀರನ್ನು ಒಂದು ಡಿಗ್ರಿ ಫ್ಯಾರನ್‌ಹೀಟ್ ಕಾಯಿಸುವಷ್ಟು). ಚಿಮಣಿಯಲ್ಲಿ ಹೋಗುವುದು, ಗೂಡಿನ ಗೋಡೆಯಲ್ಲಿ ಸೋರುವುದು, ಪೈಪಿನಲ್ಲಿ ಕಳೆಯುವುದು ಎಲ್ಲ ಕಳೆದು 70 ಶೇಕಡಾ ಮನೆ ಮುಟ್ಟಿತೆಂದರೆ 2,66,000 ಬಿಟಿಯು. ಒಂದು ಗ್ಯಾಲನ್ (ಸುಮಾರು 3.8 ಲೀಟರ್) ಪ್ರೊಪೇನ್‌ನಲ್ಲಿ 91,500 ಬಿಟಿಯು. ಮನೆ ಕಾಯಿಸುವ, 90 ಶೇಕಡಾ ದಕ್ಷತೆಯ ಫರ್ನೇಸ್‌ನಲ್ಲಿ ಕೈಗೆ ಸಿಗುವುದು 82,350. ಭಾಗಿಸಿದರೆ ಒಂದು ಬುಶೆಲ್ ಕಾಳು 3.2 ಗ್ಯಾಲನ್ ಪ್ರೊಪೇನ್‌ಗೆ ಸಮ.

ಪ್ರೊಪೇನ್ ಗ್ಯಾಲನ್‌ಗೆ 2 ಡಾಲರ್ ಇದ್ದರೆ ಕಾಳು ಬುಶೆಲ್‌ಗೆ 6.40 ಡಾಲರ್ ಮುಟ್ಟುವವರೆಗೂ ಇಂಧನದ ಮಟ್ಟಿಗೆ ಕಾಳೇ ಅಗ್ಗ. ಆದರೆ ಲೆಕ್ಕ ಅಲ್ಲಿಗೆ ಮುಗಿಯುವುದಿಲ್ಲ. ವರ್ಷಕ್ಕೆ 1,000 ಗ್ಯಾಲನ್ ಸುಡುವ ಮನೆಗೆ 310 ಬುಶೆಲ್ ಬೇಕು. ಕಾಳು 4.50 ಡಾಲರ್ ಎಂದರೆ ಸುಮಾರು 1,400 ಡಾಲರ್. ಉಳಿತಾಯ 600. ಯಂತ್ರ, ಪೈಪು, ಅಗೆತ, ಜೋಡಣೆ ಸೇರಿ 12,000 ಡಾಲರ್ ಬಿದ್ದರೆ ದುಡ್ಡು ಮರಳಲು ಇಪ್ಪತ್ತು ವರ್ಷ. ಅಷ್ಟರಲ್ಲಿ ಉಕ್ಕೇ ತುಕ್ಕು ಹಿಡಿದಿರುತ್ತದೆ. ಅದೇ ಪ್ರೊಪೇನ್ 3 ಡಾಲರ್ ಆದರೆ ಏಳೆಂಟು ವರ್ಷಕ್ಕೆ ತೀರುತ್ತದೆ. ಕಾಳಿನ ಬೆಲೆಯೂ ನಿಂತಲ್ಲಿ ನಿಲ್ಲುವುದಲ್ಲ: 2005ರ ಸುಮಾರಿಗೆ 2 ಡಾಲರ್ ಆಸುಪಾಸಿನಲ್ಲಿದ್ದದ್ದು, 2012ರ ಬರಗಾಲದಲ್ಲಿ 8 ಡಾಲರ್ ದಾಟಿತ್ತು. ಹಾಗಾಗಿ ಕಾಳು ಮಾತ್ರ ಉರಿಸುವ ಯಂತ್ರಕ್ಕಿಂತ, ಕಟ್ಟಿಗೆಯ ಪುಡಿಯನ್ನು ಒತ್ತಿ ಗುಳಿಗೆ ಮಾಡಿದ ಪೆಲೆಟ್‌ಗಳನ್ನೂ ಉರಿಸಬಲ್ಲ ಯಂತ್ರ ಕೊಳ್ಳುವುದು ಜಾಣತನ.

ನಿಮ್ಮ ಮನೆಗೆ ಪೈಪಿನ ಗ್ಯಾಸ್ ಇದ್ದರೆ ಇದಾವುದರ ಗೋಜೂ ಬೇಡ. ಥರ್ಮ್‌ಗೆ (ಅಂದರೆ ಒಂದು ಲಕ್ಷ ಬಿಟಿಯುಗೆ) 1 ಡಾಲರ್ ಇರುವ ಗ್ಯಾಸನ್ನು ಸೋಲಿಸಬೇಕಾದರೆ ಕಾಳು 3 ಡಾಲರ್‌ಗಿಂತ ಕೆಳಗಿರಬೇಕು.

ಎಷ್ಟು ದೊಡ್ಡದು ಬೇಕು

ಹೆಚ್ಚಿನವರು ಎಡವುವುದು ಇಲ್ಲಿಯೇ. ಮಾರುವವರು ಮನೆಯ ಚದರಡಿ ಕೇಳಿ, ಗಂಟೆಗೆ ಒಂದೂವರೆ ಲಕ್ಷ ಬಿಟಿಯು ಕೊಡುವ ಯಂತ್ರ ತೋರಿಸುತ್ತಾರೆ. ಚದರಡಿಗಿಂತ ನಿಮ್ಮ ಹಳೆಯ ಬಿಲ್ಲುಗಳೇ ಸರಿಯಾದ ಉತ್ತರ ಕೊಡುತ್ತವೆ.

ಕಳೆದ ಚಳಿಗಾಲದ ಪ್ರೊಪೇನ್ ಬಳಕೆ ತೆಗೆದುಕೊಳ್ಳಿ. ಅದರಲ್ಲಿ ಸ್ನಾನದ ನೀರು, ಅಡುಗೆಯ ಪಾಲು ಬೇರೆ ಮಾಡಬೇಕು. ಬೇಸಿಗೆಯ ಒಂದು ತಿಂಗಳ ಬಳಕೆಯನ್ನು ಚಳಿಗಾಲದ ತಿಂಗಳುಗಳಿಗೆ ಗುಣಿಸಿ ಕಳೆಯಿರಿ. ಉಳಿದದ್ದು 1,000 ಗ್ಯಾಲನ್ ಎಂದುಕೊಳ್ಳೋಣ: 82,350 ರಿಂದ ಗುಣಿಸಿದರೆ 8.2 ಕೋಟಿ ಬಿಟಿಯು. ಇದನ್ನು ನಿಮ್ಮೂರಿನ ಹೀಟಿಂಗ್ ಡಿಗ್ರಿ-ದಿನಗಳಿಂದ ಭಾಗಿಸಿ. ದಿನದ ಸರಾಸರಿ ತಾಪಮಾನ 65 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಎಷ್ಟು ಕೆಳಗಿದೆಯೋ ಅಷ್ಟನ್ನು ದಿನದಿನಕ್ಕೂ ಕೂಡಿದರೆ ಬರುವುದು ಈ ಸಂಖ್ಯೆ. ಅಲ್ಲಿನ ಹವಾಮಾನ ಇಲಾಖೆಯ ಜಾಲತಾಣದಲ್ಲಿ ಊರುವಾರು ಸಿಗುತ್ತದೆ. ಅಯೋವಾದ ಡಿಮೊಯಿನ್‌ಗೆ 6,200 ಹಿಡಿದರೆ, ಒಂದು ಡಿಗ್ರಿ-ದಿನಕ್ಕೆ 13,280 ಬಿಟಿಯು. 24ರಿಂದ ಭಾಗಿಸಿ: ಹೊರಗೆ ಒಂದು ಡಿಗ್ರಿ ಇಳಿದರೆ ಮನೆ ಗಂಟೆಗೆ 553 ಬಿಟಿಯು ಹೆಚ್ಚು ಕಳೆದುಕೊಳ್ಳುತ್ತದೆ.

ಈಗ ಕಡುಚಳಿಯ ರಾತ್ರಿ. ಹೊರಗೆ ಸೊನ್ನೆ ಫ್ಯಾರನ್‌ಹೀಟ್‌ಗಿಂತ 4 ಡಿಗ್ರಿ ಕೆಳಗೆ ಎಂದರೆ 65ರಿಂದ 69 ಡಿಗ್ರಿ ಅಂತರ. 69ನ್ನು 553ರಿಂದ ಗುಣಿಸಿದರೆ ಗಂಟೆಗೆ 38,000 ಬಿಟಿಯು. ಅಷ್ಟೇ! ಬಿಸಿನೀರಿಗೆ, ಪೈಪಿನ ನಷ್ಟಕ್ಕೆ ಒಂದಷ್ಟು ಸೇರಿಸಿದರೂ 55ರಿಂದ 60 ಸಾವಿರದೊಳಗೆ ಮುಗಿಯಿತು. ಒಂದೂವರೆ ಲಕ್ಷದ್ದು ಈ ಮನೆಗೆ ಎರಡೂವರೆ ಪಟ್ಟು ದೊಡ್ಡದು.

ದೊಡ್ಡದಿದ್ದರೆ ಏನು ತೊಂದರೆ ಎನ್ನಬಹುದು. ಕಾಳಿನ ಬೆಂಕಿ ಕಟ್ಟಿಗೆಯ ಕೆಂಡದ ಹಾಗೆ ಗಂಟೆಗಟ್ಟಲೆ ಕಾದು ಕೂರುವುದಿಲ್ಲ. ನೀರು ಬೇಗ ಕಾದು ಯಂತ್ರ ಮಂದ ಉರಿಗೆ ಬಂದಾಗ ಬೆಂಕಿ ಆರುತ್ತದೆ. ಇಲ್ಲವೇ ಅರೆಬೆಂದ ಕಾಳು ಬಟ್ಟಲಲ್ಲಿ ಕುಳಿತು ಹೊಗೆಯಾಡಿ ಚಿಮಣಿಗೆ ಟಾರು ಮೆತ್ತುತ್ತದೆ. ಆದ್ದರಿಂದ ಗರಿಷ್ಠ ಶಕ್ತಿಯ ಜೊತೆಗೆ ಕನಿಷ್ಠ ಉರಿಯಲ್ಲಿ ಎಷ್ಟು ಬಿಟಿಯು ಎಂದು ಕೇಳಿ. ಉತ್ತರ ಬಾರದಿದ್ದರೆ ಮುಂದಿನ ಅಂಗಡಿಗೆ ಹೋಗಿ. ಅಕ್ಟೋಬರ್‌ನಲ್ಲಿ ಹೊರಗೆ 50 ಡಿಗ್ರಿ ಇರುವ ದಿನ ಇದೇ ಮನೆಗೆ ಬೇಕಾದದ್ದು ಗಂಟೆಗೆ ಬರೀ 8,300. ಆಗ ಹಳೆಯ ಪ್ರೊಪೇನ್ ಫರ್ನೇಸ್ ನಡೆಯಲಿ, ಬಾಯ್ಲರನ್ನು ನವೆಂಬರ್ ನಡುವಿನಲ್ಲಿ ಹೊತ್ತಿಸಿದರೆ ಸಾಕು. ಇಲ್ಲವೇ 200 ಗ್ಯಾಲನ್‌ನ ಬಫರ್ ಟ್ಯಾಂಕ್ ಇಡಿ. ಅದರ ನೀರು 30 ಡಿಗ್ರಿ ಏರಿಳಿದರೆ 50,000 ಬಿಟಿಯು ಕೂಡಿಟ್ಟಂತೆ.

ಹಾಪರ್ ಗಾತ್ರವೂ ಇದೇ ಲೆಕ್ಕದಿಂದ ಹೊರಡುತ್ತದೆ. ಈ ಮನೆ ಜನವರಿಯ ಸಾಮಾನ್ಯ ದಿನಕ್ಕೆ 2 ಬುಶೆಲ್, ಕಡುಚಳಿಗೆ ಮೂರೂವರೆ ಬುಶೆಲ್ ತಿನ್ನುತ್ತದೆ. ಹತ್ತು ಬುಶೆಲ್ ಹಾಪರ್ ಇದ್ದರೆ ಹಿಮಬಿರುಗಾಳಿಯಲ್ಲಿ ಮೂರು ದಿನ ಅತ್ತ ತಲೆಹಾಕದೆ ಇರಬಹುದು.

ಉರಿಯುವ ಬಟ್ಟಲು ಮತ್ತು ಹೆಂಟೆ

ಮೆಕ್ಕೆಜೋಳದ ಬೂದಿ ಕಡಿಮೆ, ಒಂದರಿಂದ ಒಂದೂವರೆ ಶೇಕಡಾ. ಆದರೆ ಅದರಲ್ಲಿ ಪೊಟ್ಯಾಸಿಯಂ, ರಂಜಕ ಹೆಚ್ಚು. ಆ ಬೂದಿ ಕಡಿಮೆ ಶಾಖಕ್ಕೇ ಕರಗಿ, ತಣಿದಾಗ ಗಾಜಿನಂಥ ಹೆಂಟೆಯಾಗುತ್ತದೆ. ಅದಕ್ಕೇ ಕ್ಲಿಂಕರ್ ಎನ್ನುತ್ತಾರೆ. ಹೆಂಟೆ ಬಟ್ಟಲಿನ ಗಾಳಿತೂತು ಮುಚ್ಚಿದರೆ ಬೆಂಕಿ ಸತ್ತಿತು. ಪೆಲೆಟ್‌ಗೆಂದು ಮಾಡಿದ ಯಂತ್ರಕ್ಕೆ "ಮೆಕ್ಕೆಜೋಳವೂ ನಡೆಯುತ್ತದೆ" ಎಂದು ಚೀಟಿ ಅಂಟಿಸಿದ್ದರೆ ಅಷ್ಟಕ್ಕೇ ನಂಬಬೇಡಿ. ಬಟ್ಟಲೊಳಗೆ ತಿರುಗುವ ಕಲಕುಗೋಲು ಇದೆಯೇ, ಅಥವಾ ಕೆಳಗಿನಿಂದ ಬರುವ ಕಾಳು ಬೂದಿಯನ್ನು ಅಂಚಿನಾಚೆ ತಳ್ಳುವ ವ್ಯವಸ್ಥೆಯೇ, ನೋಡಿ. ಎರಡೂ ಇಲ್ಲದಿದ್ದರೆ ದಿನಕ್ಕೆರಡು ಸಲ ಇಕ್ಕಳ ಹಿಡಿದು ಹಿಮದಲ್ಲಿ ನಿಲ್ಲುವ ಕೆಲಸ ನಿಮ್ಮದು. ಒಡೆದ ಸಿಂಪಿಚಿಪ್ಪು ಬೆರೆಸುವ ರೂಢಿಯುಂಟು; ಅದರ ಸುಣ್ಣದಂಶದಿಂದ ಬೂದಿ ಅಷ್ಟು ಸುಲಭಕ್ಕೆ ಕರಗದು. ಪೆಲೆಟ್ ಬೆರೆಸಿದರೂ ಹೆಂಟೆ ಮೆತ್ತಗಾಗುತ್ತದೆ. ಹೊತ್ತಿಸಲು ಹೇಗೂ ಪೆಲೆಟ್ ಬೇಕು, ಬರಿಯ ಕಾಳು ಸುಲಭಕ್ಕೆ ಕಿಡಿ ಹಿಡಿಯುವುದಿಲ್ಲ.

ಬೆಂಕಿ ಆಗರ್‌ನಲ್ಲಿ ಹಿಮ್ಮುಖವಾಗಿ ತೆವಳಿ ಹಾಪರ್ ಸೇರುವುದು ಅಪರೂಪ, ಆದರೂ ಆದಾಗ ಅನಾಹುತ. ತಡೆಗೆ ಏನಿದೆ ಎಂದು ಕೇಳಿ: ಎರಡು ಆಗರ್‌ಗಳ ನಡುವೆ ಕಾಳು ಬೀಳುವ ಅಂತರ, ಬಿಗಿಯಾದ ಹಾಪರ್ ಮುಚ್ಚಳ, ಬಿಸಿ ಏರಿದರೆ ನೀರು ಸುರಿಯುವ ಕವಾಟ. ಇವುಗಳಲ್ಲಿ ಎರಡಾದರೂ ಇರಬೇಕು.

ಕಾಳಿನ ಹೊಗೆಯಲ್ಲಿ ಆಮ್ಲದ ಅಂಶವಿದೆ. ಜಿಂಕ್ ಲೇಪದ ಅಗ್ಗದ ಚಿಮಣಿ ಕೆಲವೇ ಚಳಿಗಾಲಕ್ಕೆ ತೂತು ಬೀಳುತ್ತದೆ. ಮೆಕ್ಕೆಜೋಳಕ್ಕೆಂದೇ ಒಪ್ಪಿಗೆ ಪಡೆದ ಸ್ಟೇನ್‌ಲೆಸ್ ಚಿಮಣಿ ಹಾಕಿಸಿ. ಕವಚದೊಳಗೂ ಇದೇ ಕಥೆ: ಮರಳುವ ನೀರು 140 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ತಣ್ಣಗಿದ್ದರೆ ಹೊಗೆ ಉಕ್ಕಿನ ಮೇಲೆ ಬೆವರಿ ಆಮ್ಲವಾಗಿ ತಿನ್ನುತ್ತದೆ. ಮರಳುವ ಪೈಪಿಗೆ ಬಿಸಿನೀರು ಬೆರೆಸುವ ಥರ್ಮೊಸ್ಟಾಟಿಕ್ ಕವಾಟ ಇದನ್ನು ತಡೆಯುತ್ತದೆ.

ಪೆಲೆಟ್ ಅಥವಾ ಕಟ್ಟಿಗೆಯನ್ನೂ ಉರಿಸುವ ಯಂತ್ರವಾದರೆ ಅಮೆರಿಕದ ಪರಿಸರ ಸಂಸ್ಥೆಯ ಪ್ರಮಾಣಪತ್ರದ ಪಟ್ಟಿ ಅದರ ಮೈಮೇಲಿರಬೇಕು. 2020ರ ಮೇ 15ರಿಂದ ಹೊಗೆಯ ಮಿತಿ ಬಿಗಿಯಾಗಿದೆ. ಹಳೆಯ ಯಂತ್ರವನ್ನು ಅಗ್ಗಕ್ಕೆ ಕೊಳ್ಳುವವರು ಇದನ್ನು ಮರೆತು ಸಿಕ್ಕಿಬೀಳುತ್ತಾರೆ. ಕೌಂಟಿ (ಅಲ್ಲಿನ ಜಿಲ್ಲೆ) ಕಚೇರಿಯಲ್ಲಿ ಬೇಲಿಯಿಂದ ಎಷ್ಟು ದೂರ ಇಡಬೇಕೆಂದು, ವಿಮೆಯವರಲ್ಲಿ ಒಪ್ಪಿಗೆ ಇದೆಯೇ ಎಂದು, ಮುಂಗಡ ಕೊಡುವ ಮುನ್ನವೇ ಕೇಳಿ.

ನೆಲದಡಿಯ ಪೈಪು

ಯಂತ್ರದಲ್ಲಿ ಉಳಿಸಿದರೂ ಉಳಿಸಿ, ಪೈಪಿನಲ್ಲಿ ಮಾತ್ರ ಬೇಡ. ಗುಳ್ಳೆಯ ಹಾಳೆ ಸುತ್ತಿದ ಅಗ್ಗದ ಪೈಪಿನೊಳಗೆ ಮಣ್ಣಿನ ನೀರು ನುಗ್ಗಿದರೆ ಇಡೀ ಚಳಿಗಾಲ ನೆಲವನ್ನೇ ಕಾಯಿಸುತ್ತಿರುತ್ತೀರಿ. ಪೈಪು ಹಾದ ಗೆರೆಯುದ್ದಕ್ಕೂ ಹಿಮ ಕರಗಿ ಹುಲ್ಲು ಕಂಡರೆ ಕಾರಣ ಅದೇ. ಮುಚ್ಚಿದ ರಂಧ್ರದ ಫೋಮ್ ತುಂಬಿ ಕಾರ್ಖಾನೆಯಲ್ಲೇ ಮಾಡಿದ ಪೈಪು ತನ್ನಿ.

ಗಾತ್ರಕ್ಕೆ ಸೂತ್ರ: ಗಂಟೆಯ ಬಿಟಿಯುವನ್ನು, 500 ಗುಣಿಸು ಹೋಗುವ ಮತ್ತು ಮರಳುವ ನೀರಿನ ತಾಪಮಾನದ ವ್ಯತ್ಯಾಸದಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಗ್ಯಾಲನ್ ಎಂದು ತಿಳಿಯುತ್ತದೆ. 60,000 ಬಿಟಿಯು, 20 ಡಿಗ್ರಿ ವ್ಯತ್ಯಾಸ ಎಂದರೆ 6 ಗ್ಯಾಲನ್. ಒಂದಿಂಚಿನ ಪೆಕ್ಸ್ ಎಂಬ ಪ್ಲಾಸ್ಟಿಕ್ ಪೈಪು ಸಾಕು. ಇದೇ ಸೂತ್ರ ತಪಾಸಣೆಗೂ ಬರುತ್ತದೆ. ಬಾಯ್ಲರ್ ಬಿಡುವಲ್ಲಿ ಮತ್ತು ಮನೆ ಹೊಗುವಲ್ಲಿ ತಾಪಮಾನ ನೋಡಿ. ಎರಡು ಡಿಗ್ರಿ ಕಳೆದಿದ್ದರೆ ಗಂಟೆಗೆ 6,000 ಬಿಟಿಯು ಮಣ್ಣುಪಾಲು, ದಿನಕ್ಕೆ ಅರ್ಧ ಬುಶೆಲ್‌ಗೂ ಮಿಕ್ಕಿದ ಕಾಳು.

ಹೊರಾಂಗಣ ಬಾಯ್ಲರ್‌ಗಳಲ್ಲಿ ಹೆಚ್ಚಿನವು ಒತ್ತಡವಿಲ್ಲದ, ಗಾಳಿಗೆ ತೆರೆದ ಬಗೆಯವು. ಮನೆಯೊಳಗಿನ ರೇಡಿಯೇಟರ್ ವ್ಯವಸ್ಥೆ ಒತ್ತಡದ್ದಾದರೆ ನಡುವೆ, ಎರಡು ಕಡೆಯ ನೀರು ಬೆರೆಯದಂತೆ ಶಾಖ ಮಾತ್ರ ದಾಟಿಸುವ ಪ್ಲೇಟ್ ಹೀಟ್ ಎಕ್ಸ್‌ಚೇಂಜರ್ ಬೇಕೇ ಬೇಕು. ತೆರೆದ ನೀರಿಗೆ ಆಮ್ಲಜನಕ ಸೇರುತ್ತಲೇ ಇರುವುದರಿಂದ ತುಕ್ಕುತಡೆ ರಾಸಾಯನಿಕ ಹಾಕಿ, ವರ್ಷಕ್ಕೊಮ್ಮೆ ಪರೀಕ್ಷಿಸಿ. ಇದನ್ನು ಬಿಟ್ಟರೆ ವಾರಂಟಿ ಹೋಗುವ ಸಂಭವವೂ ಇದೆ. ಕರೆಂಟು ಹೋದರೆ ಪಂಪು, ಫ್ಯಾನು, ಆಗರ್ ಮೂರೂ ನಿಲ್ಲುತ್ತವೆ, ನೀರು ಹೆಪ್ಪುಗಟ್ಟಿ ಕವಚ ಸೀಳುತ್ತದೆ. ಸಣ್ಣ ಜನರೇಟರ್ ಇರಲಿ.

ಕಾಳು ಕೊಳ್ಳುವಾಗ

ತೇವ ಅಳೆಯುವ ಮೀಟರ್ ಜೇಬಿನಲ್ಲಿರಲಿ. 11ರಿಂದ 14 ಶೇಕಡಾ ಒಳ್ಳೆಯದು. 15 ದಾಟಿದರೆ ಉರಿ ಮಂಕು, ದಾಸ್ತಾನಿನಲ್ಲಿ ಬೂಷ್ಟು. ಜರಡಿ ಹಿಡಿದ ಕಾಳನ್ನೇ ಕೇಳಿ. ದಿಂಡಿನ ಚೂರು ಆಗರ್‌ಗೆ ಸಿಕ್ಕಿಕೊಳ್ಳುತ್ತದೆ, ಕೆಂಪು ಹೊಟ್ಟು ಹಾಪರ್‌ನಲ್ಲಿ ಸೇತುವೆ ಕಟ್ಟಿ ಕಾಳು ಇಳಿಯದಂತೆ ಮಾಡುತ್ತದೆ. ಬಿತ್ತನೆಗೆಂದು ಔಷಧಿ ಲೇಪಿಸಿದ ಬಣ್ಣದ ಬೀಜವನ್ನು ಪುಕ್ಕಟೆ ಕೊಟ್ಟರೂ ಉರಿಸಬಾರದು. ಆ ಹೊಗೆ ವಿಷ. ಚೆಲ್ಲಿದ ಕಾಳನ್ನು ಆಗಲೇ ಗುಡಿಸಿ, ಇಲ್ಲವಾದರೆ ಇಲಿಗಳು ಬಾಯ್ಲರಿನ ಬೆಚ್ಚನೆಯ ತಳದಲ್ಲೇ ಸಂಸಾರ ಹೂಡಿ ವಯರು ಕಡಿಯುತ್ತವೆ.

ವಸಂತದಲ್ಲಿ ಬೆಂಕಿ ಆರಿಸಿದ ವಾರದಲ್ಲೇ ಬೂದಿಯನ್ನು ಮೂಲೆಮೂಲೆಯಿಂದ ಕೆರೆದು ತೆಗೆಯಿರಿ. ಬೇಸಿಗೆಯ ತೇವ ಕುಡಿದ ಬೂದಿ ಚಳಿಗಾಲದ ಬೆಂಕಿಗಿಂತ ಹೆಚ್ಚು ಉಕ್ಕು ತಿನ್ನುತ್ತದೆ. ಒಳಗೋಡೆಗೆ ಎಣ್ಣೆ ಸವರಿ, ಚಿಮಣಿಯ ಬಾಯಿ ಮುಚ್ಚಿ, ಕವಚದ ನೀರನ್ನು ಹಾಗೇ ತುಂಬಿಡಿ. ಬರಿದು ಮಾಡಿದರೆ ಒಳಗಿನಿಂದ ತುಕ್ಕು ಶುರು. ಆಗರ್ ಓಡಿಸಿ ಕೊನೆಯ ಕಾಳಿನವರೆಗೆ ಹೊರತೆಗೆಯಿರಿ. ಅಲ್ಲೇ ಉಳಿದ ಕಾಳು ಜುಲೈನ ತೇವಕ್ಕೆ ಉಬ್ಬಿ ಮೊಳೆತು, ಒಣಗಿ ಗಾರೆಯಂತೆ ಗಟ್ಟಿಯಾಗಿ, ನವೆಂಬರ್‌ನಲ್ಲಿ ಸ್ವಿಚ್ಚು ಒತ್ತಿದ ಕೂಡಲೇ ಆಗರ್‌ನ ಪಿನ್ನು ಮುರಿಯುತ್ತದೆ.